ಎರಡು ಕಡೆಗೂ ಕಪ್ಪ ಕೊಟ್ಟ ಊರು

(ನಮ್ಮ ಓದುಗರ ಬಳಗದ ಭಾನುವಾರದ ಸಭೆಯಲ್ಲಿ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ನಡುವೆ ಬಂದ ಒಂದು ಪ್ರಶ್ನೆಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇವತ್ತು ನಾನು ಮಾತಾಡಲಿರುವ ಊರಿಗೆ ನಾನು ಹೋದವನಲ್ಲ. ಹೋಗುವ ಆಸೆಯಿತ್ತು. ಈಗಿನ ಸ್ಥಿತಿಯಲ್ಲಿ ಹೋಗುತ್ತೇನೆ ಅಂದರೆ ಮನೆಯಲ್ಲಿ ಬಿಡುವುದಿಲ್ಲ. ಹಾಗಾಗಿ ಇದು ನಕ್ಷೆ ಮುಂದೆ ಇಟ್ಟುಕೊಂಡು ಓದಿದವನ ಮಾತು ಅಂತಲೇ ತಿಳಿದುಕೊಳ್ಳಿ.

ಊರಿನ ಹೆಸರು ಮೆಟೆಮ್ಮಾ. ಅದು ನನ್ನ ಕಣ್ಣಿಗೆ ಬಿದ್ದದ್ದು ಒಬ್ಬ ಭಾರತೀಯನ ದೆಸೆಯಿಂದ. ಪ್ರೇಮಿಂದ್ರ ಸಿಂಗ್ ಭಗತ್ ಅಂತ. ಎರಡನೇ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸೇನಾಧಿಕಾರಿ. ಪದಕ ಯಾವುದಕ್ಕೆ ಸಿಕ್ಕಿತು ಅಂತ ಓದುವಾಗ, ಮೆಟೆಮ್ಮಾದಿಂದ ಗೊಂಡಾರ್ ಕಡೆ ಹೋಗುವ ದಾರಿಯಲ್ಲಿ ನೆಲಬಾಂಬುಗಳನ್ನು ತೆಗೆದದ್ದಕ್ಕೆ ಅಂತಿತ್ತು. ಅಲ್ಲ, ನಮ್ಮವನೊಬ್ಬ ಅಷ್ಟು ದೂರ ಹೋಗಿ ಯಾರ ನೆಲದಲ್ಲಿ, ಯಾರು ಹೂತ ಬಾಂಬು ಕೀಳುತ್ತಿದ್ದ? ಈ ಪ್ರಶ್ನೆಯ ಬಾಲ ಹಿಡಿದು ಹೋದರೆ ಊರಿಗೆ ಊರೇ ಸಿಕ್ಕಿತು.

ಗೋಡೆಯ ಮೇಲಿನ ನಕ್ಷೆ ನೋಡಿ. ಇಥಿಯೋಪಿಯಾದ ವಾಯವ್ಯ ಮೂಲೆ ಇದು. ಇಲ್ಲಿ ಗೊಂಡಾರ್. ಹಳೆಯ ರಾಜಧಾನಿ, ಎರಡು ಸಾವಿರ ಮೀಟರಿಗಿಂತ ಎತ್ತರದ ತಂಪು ಊರು. ಅಲ್ಲಿಂದ ಪಶ್ಚಿಮಕ್ಕೆ ಇಳಿಯುತ್ತಾ ಹೋದರೆ ಬೆಟ್ಟ ಮುಗಿದು ಸುಡುವ ಬಯಲು ಶುರುವಾಗುತ್ತದೆ. ಅಲ್ಲಿನವರು ಎತ್ತರದ ಸೀಮೆಗೆ ದೆಗಾ ಅನ್ನುತ್ತಾರೆ, ತಗ್ಗಿನ ಬಿಸಿ ಸೀಮೆಗೆ ಕೊಲ್ಲಾ. ನಾವು ಮಲೆನಾಡು, ಬಯಲುಸೀಮೆ ಅನ್ನುವುದಿಲ್ಲವೇ, ಹಾಗೆ. ಆ ಕೊಲ್ಲಾದ ಅಂಚಿನಲ್ಲಿ ಮೆಟೆಮ್ಮಾ ಇದೆ. ಊರ ಪಕ್ಕದಲ್ಲೇ ಒಂದು ಹಳ್ಳ. ಮಳೆಗಾಲದಲ್ಲಿ ತುಂಬಿ ಹರಿಯುತ್ತದೆ, ಉಳಿದ ಕಾಲ ಬರೀ ಮರಳು. ಅದರ ಮೇಲೊಂದು ಸಣ್ಣ ಸೇತುವೆ. ಸೇತುವೆ ದಾಟಿದರೆ ಗಲ್ಲಾಬಾತ್, ಅದು ಸುಡಾನ್. ಒಂದು ಊರಿನ ಎರಡು ಓಣಿ ಅನ್ನಬಹುದಾದಷ್ಟು ಹತ್ತಿರ. ಒಂದು ಎಚ್ಚರಿಕೆ: ಸುಡಾನಿನ ನೈಲ್ ದಂಡೆಯಲ್ಲಿ, ಶೆಂದಿ ಊರಿನ ಎದುರಿಗೆ ಇದೇ ಹೆಸರಿನ ಇನ್ನೊಂದು ಊರಿದೆ. ಹುಡುಕುವಾಗ ಮೋಸ ಹೋಗಬೇಡಿ, ನಾನು ಎರಡು ದಿನ ತಪ್ಪು ಊರಿನ ಬಗ್ಗೆ ಓದಿದ್ದೆ.

ಇಲ್ಲಿ ಊರು ಯಾಕೆ ಹುಟ್ಟಿತು? ಸಂತೆಗಾಗಿ. ಬೆಟ್ಟದಿಂದ ಕಾಫಿ, ಜೇನುಮೇಣ, ಚರ್ಮ ಇಳಿದು ಬರುತ್ತಿತ್ತು. ಬಯಲಿನಿಂದ ಹತ್ತಿ ಹೋಗುತ್ತಿತ್ತು. ಬೆಟ್ಟದವರಿಗೆ ಬಯಲಿನ ಜ್ವರ ಅಂದರೆ ಭಯ, ಬಯಲಿನವರಿಗೆ ಬೆಟ್ಟದ ಚಳಿ ಆಗದು. ಇಬ್ಬರೂ ನಡುವೆ ಒಂದು ಕಡೆ ಸೇರಿ ವ್ಯಾಪಾರ ಮುಗಿಸಿ ಅವರವರ ಹವೆಗೆ ವಾಪಸ್ ಹೋಗಬೇಕು. ಆ ಜಾಗವೇ ಮೆಟೆಮ್ಮಾ.

ಆ ಸಂತೆ ನಡೆಸುತ್ತಿದ್ದವರು ಬೆಟ್ಟದವರೂ ಅಲ್ಲ, ಬಯಲಿನವರೂ ಅಲ್ಲ. ತಕ್ರೂರಿಗಳು ಅಂತ. ಇವರು ದಾರ್‌ಫುರ್ ಮತ್ತು ಅದಕ್ಕೂ ಆಚೆ, ಪಶ್ಚಿಮ ಆಫ್ರಿಕಾ ಕಡೆಯಿಂದ ಮೆಕ್ಕಾ ಯಾತ್ರೆಗೆ ಅಂತ ಕಾಲ್ನಡಿಗೆಯಲ್ಲಿ ಹೊರಟವರು. ಯಾತ್ರೆಗೆ ವರ್ಷಗಟ್ಟಲೆ ಬೇಕು. ದಾರಿಯಲ್ಲಿ ಕೂಲಿ ಮಾಡಬೇಕು, ಹೊಲ ಉಳಬೇಕು, ಮತ್ತೆ ನಡೆಯಬೇಕು. ಹಾಗೆ ಬಂದವರಲ್ಲಿ ಕೆಲವರು ಇಲ್ಲೇ ನಿಂತರು. ನೆಲ ಚೆನ್ನಾಗಿತ್ತು, ಹತ್ತಿ ಬೆಳೆಯಿತು, ಮನೆ ಕಟ್ಟಿದರು. ಇಂಗ್ಲಿಷ್ ಪ್ರವಾಸಿ ಸ್ಯಾಮ್ಯುಯೆಲ್ ಬೇಕರ್ 1862ರಲ್ಲಿ ಇಲ್ಲಿಗೆ ಬಂದಾಗ ಊರು ಅವರ ಶೇಖ್‌ನ ಕೈಯಲ್ಲಿತ್ತು. ಶೇಖ್ ಒಂದು ಜಾಣ ಏರ್ಪಾಡು ಮಾಡಿಕೊಂಡಿದ್ದ. ಕೆಳಗೆ ಸುಡಾನನ್ನು ಆಳುತ್ತಿದ್ದ ಈಜಿಪ್ಟಿನವರಿಗೂ ಕಪ್ಪ, ಮೇಲೆ ಇಥಿಯೋಪಿಯಾದ ದೊರೆಗೂ ಕಪ್ಪ. ಇಬ್ಬರಿಗೂ ಊರು ತಮ್ಮದು ಅನ್ನುವ ಸಮಾಧಾನ. ಊರಿಗೆ ತನ್ನ ಪಾಡಿಗೆ ತಾನು ಸಂತೆ ನಡೆಸುವ ಸಮಾಧಾನ. ಈ ಶೇಖ್‌ನನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತಾನೆ.

ಆದರೆ ಈ ಸಂತೆಯನ್ನು ಚಂದಗಾಣಿಸಿ ಹೇಳಿದರೆ ಸುಳ್ಳಾಗುತ್ತದೆ. ಅಲ್ಲಿ ಮಾರಾಟವಾಗುತ್ತಿದ್ದದ್ದು ಬರೀ ಕಾಫಿಯಲ್ಲ. ಗುಲಾಮರ ವ್ಯಾಪಾರಿಗಳ ಚಾಪೆಯ ಡೇರೆಗಳು ಅಲ್ಲಿದ್ದವು. ಬೆಟ್ಟದ ಕಡೆಯಿಂದ ಹಿಡಿದು ತಂದ ಹುಡುಗಿಯರನ್ನು ಅಲ್ಲಿ ಕೂರಿಸಿ ಬೆಲೆ ಹೇಳುತ್ತಿದ್ದರು. ಬೇಕರ್ ಕಣ್ಣಾರೆ ಕಂಡು ಬರೆದಿದ್ದಾನೆ.

ಆ ಎರಡು ಕಪ್ಪದ ಏರ್ಪಾಡು ಹೆಚ್ಚು ದಿನ ಬಾಳಲಿಲ್ಲ. ಈಜಿಪ್ಟ್ ತನ್ನ ಸೈನ್ಯವನ್ನೇ ತಂದು ಇಲ್ಲಿ ಕೂರಿಸಿತು. ಅಷ್ಟರಲ್ಲಿ ಸುಡಾನಿನಲ್ಲಿ, ತಾನೇ ಮಹ್ದಿ, ದೇವರು ಕಳಿಸಿದ ಮಾರ್ಗದರ್ಶಿ ಅಂತ ಹೇಳಿಕೊಂಡ ಧರ್ಮಗುರುವೊಬ್ಬನ ದಂಗೆ ಎದ್ದಿತು. ಈಜಿಪ್ಟಿನ ಠಾಣೆಗಳು ಒಂದೊಂದಾಗಿ ಸಿಕ್ಕಿಹಾಕಿಕೊಂಡವು. 1884ರಲ್ಲಿ ಬ್ರಿಟಿಷರು ಇಥಿಯೋಪಿಯಾದ ಚಕ್ರವರ್ತಿ ನಾಲ್ಕನೇ ಯೊಹಾನ್ನಿಸ್ ಜೊತೆ ಅಡ್ವಾದಲ್ಲಿ ಒಂದು ಒಪ್ಪಂದ ಮಾಡಿಕೊಂಡರು: ಸಿಕ್ಕಿಬಿದ್ದ ಈಜಿಪ್ಟ್ ಸೈನಿಕರನ್ನು ನಿನ್ನ ನೆಲದ ಮೂಲಕ ಪಾರು ಮಾಡು, ಬದಲಿಗೆ ನಿನ್ನ ಸರಕಿಗೆ ಕೆಂಪು ಸಮುದ್ರದ ಮಸ್ಸಾವಾ ಬಂದರು ಮುಕ್ತ. ಯೊಹಾನ್ನಿಸ್ ಮಾತು ಉಳಿಸಿಕೊಂಡ. ಗಲ್ಲಾಬಾತಿನ ಠಾಣೆಯನ್ನೂ ಬಿಡಿಸಿದ. ಆ ಕಡೆ 1885ರ ಫೆಬ್ರವರಿಯಲ್ಲಿ ಇಟಲಿಯವರು ಬಂದು ಮಸ್ಸಾವಾದಲ್ಲಿ ಕೂತರು, ಬ್ರಿಟಿಷರು ಕಣ್ಣುಮುಚ್ಚಿಕೊಂಡರು. ಬಂದರೂ ಹೋಯಿತು, ಮಹ್ದಿಯ ಕಡೆಯವರ ಹಗೆಯೂ ತಲೆಗೆ ಬಂತು. ಇನ್ನೊಬ್ಬರ ಜಗಳ ಬಿಡಿಸಲು ಹೋಗಿ ಏಟು ತಿಂದ ಕಥೆ.

ಆಮೇಲಿನ ನಾಲ್ಕು ವರ್ಷ ಬರೀ ಸೇಡು. 1887ರ ಆರಂಭದಲ್ಲಿ ಇಥಿಯೋಪಿಯಾದ ಗೊಜ್ಜಾಮ್ ಸೀಮೆಯ ದೊರೆ ತಕ್ಲೆ ಹೈಮಾನೋತ್ ಇಳಿದು ಬಂದು ಮೆಟೆಮ್ಮಾ ಸುಟ್ಟ. ಮುಂದಿನ ವರ್ಷ ಮಹ್ದಿ ಸೈನ್ಯದ ಹಮ್ದಾನ್ ಅಬು ಅಂಜಾ ಬೆಟ್ಟ ಹತ್ತಿ ಹೋಗಿ ಗೊಂಡಾರ್ ಸುಟ್ಟ, ಚರ್ಚುಗಳಿಗೆ ಬೆಂಕಿ ಇಟ್ಟ. 1889ರ ಮಾರ್ಚ್ ತಿಂಗಳಲ್ಲಿ ಯೊಹಾನ್ನಿಸ್ ತಾನೇ ದೊಡ್ಡ ಸೈನ್ಯ ಕಟ್ಟಿಕೊಂಡು ಬಂದ. ಅಷ್ಟರಲ್ಲಿ ಅಬು ಅಂಜಾ ಕಾಯಿಲೆ ಬಿದ್ದು ಸತ್ತಿದ್ದ. ಅವನ ಜಾಗದಲ್ಲಿ ಜೆಕಿ ತುಮ್ಮಲ್ ಊರ ಸುತ್ತ ಮುಳ್ಳಿನ ಬೇಲಿ ಹಾಕಿಸಿ ಒಳಗೆ ಕಾದು ಕೂತಿದ್ದ.

ಮಾರ್ಚ್ 9. ಇಥಿಯೋಪಿಯಾದವರು ಬೇಲಿ ಮುರಿದು ಒಳಗೆ ನುಗ್ಗಿದರು. ಗೆದ್ದೇಬಿಟ್ಟರು ಅನ್ನುವ ಹೊತ್ತಿಗೆ ಚಕ್ರವರ್ತಿಗೇ ಗುಂಡು ತಗುಲಿತು. ಹಿಂದಕ್ಕೆ ಹೊತ್ತು ತಂದರು. ರಾತ್ರಿ ಪ್ರಾಣ ಹೋಯಿತು. ಸುದ್ದಿ ಹರಡಿದ್ದೇ ತಡ, ಸೈನ್ಯ ಚದುರಿತು. ಬೇಲಿಯ ಒಳಗಿದ್ದವರಿಗೆ ಇದು ಗೊತ್ತೇ ಇಲ್ಲ. ಅವರು ಸೋತೆವು ಅಂತಲೇ ರಾತ್ರಿ ಕಳೆದಿದ್ದಾರೆ. ಬೆಳಗ್ಗೆ ನೋಡಿದರೆ ಎದುರಿಗೆ ಯಾರೂ ಇಲ್ಲ! ಬೆನ್ನಟ್ಟಿದರು. ಅತ್ಬಾರಾ ನದಿ ಹತ್ತಿರ, ಚಕ್ರವರ್ತಿಯ ಹೆಣ ಹೊತ್ತು ಹೋಗುತ್ತಿದ್ದ ಸಣ್ಣ ಗುಂಪು ಸಿಕ್ಕಿತು. ಅವನ ಸೋದರಮಾವ ರಾಸ್ ಅರಾಯ ಆ ಹೆಣದ ಪಕ್ಕದಲ್ಲಿ ನಿಂತುಬಿಟ್ಟ. ವಯಸ್ಸಾದ ಮನುಷ್ಯ. ಗುಂಡು ಮುಗಿದ ಮೇಲೆ ಕತ್ತಿ ಗುರಾಣಿ ಹಿಡಿದನಂತೆ. ಅಲ್ಲೇ ಸತ್ತ. ಚಕ್ರವರ್ತಿಯ ತಲೆ ಕಡಿದು ಮಹ್ದಿ ರಾಜ್ಯದ ರಾಜಧಾನಿ ಓಂದುರ್ಮಾನ್‌ಗೆ ಕಳಿಸಿದರು. ಅಲ್ಲಿ ಅದರ ಮೆರವಣಿಗೆ ನಡೆಯಿತು.

ಚಕ್ರವರ್ತಿಯ ಜಾಗಕ್ಕೆ ಶೆವಾದ ಮೆನೆಲಿಕ್ ಬಂದ. ಎರಡು ತಿಂಗಳೂ ಕಳೆದಿರಲಿಲ್ಲ, ಮೇ 2ರಂದು ಇಟಲಿ ಜೊತೆ ವುಚಾಲೆ ಒಪ್ಪಂದಕ್ಕೆ ಸಹಿ ಬಿತ್ತು. ಮುಂದೆ ಎರಿಟ್ರಿಯಾ ಇಟಲಿಯದ್ದಾಯಿತು, 1896ರಲ್ಲಿ ಅಡ್ವಾ ಯುದ್ಧ ಆಯಿತು. ಅದೆಲ್ಲ ದೊಡ್ಡ ಇತಿಹಾಸ, ಎಲ್ಲರೂ ಬರೆದಿದ್ದಾರೆ. ನನಗೆ ಕುತೂಹಲ ಇದ್ದದ್ದು ಇನ್ನೊಂದರಲ್ಲಿ. ಇಥಿಯೋಪಿಯಾ ಕಡೆಯ ಊರನ್ನು ಈಗಲೂ ಮೆಟೆಮ್ಮಾ ಯೊಹಾನ್ನಿಸ್ ಅಂತ ಕರೆಯುತ್ತಾರೆ. ಗೆದ್ದವರ ಹೆಸರಲ್ಲ ನೋಡಿ, ಅಲ್ಲಿ ಬಿದ್ದವನ ಹೆಸರು.

ಆ ವರ್ಷಗಳಲ್ಲೇ ಬರ ಬಂತು. ಇಥಿಯೋಪಿಯಾದವರು ಆ ಕಾಲಕ್ಕೆ ಕಿಫು ಕೆನ್, ಕೆಟ್ಟ ದಿನಗಳು, ಅನ್ನುತ್ತಾರೆ. ದನದ ಮಾರಿ ಹಬ್ಬಿ ಎತ್ತು, ಹಸು ನೆಲ ಕಚ್ಚಿದವು, ಉಳುವುದಕ್ಕೆ ಏನೂ ಉಳಿಯಲಿಲ್ಲ. ಈ ರೋಗ ಬಂದದ್ದು ಇಟಲಿಯವರು ತಮ್ಮ ಸೈನ್ಯಕ್ಕೆ ಅಂತ ಭಾರತದಿಂದ ಮಸ್ಸಾವಾಕ್ಕೆ ಇಳಿಸಿದ ದನಗಳ ಜೊತೆ ಅಂತ ಹೇಳುತ್ತಾರೆ.

ಇಲ್ಲಿಗೆ ಬಂದಾಗ ಹಿಂದಿನ ಸಾಲಿನಿಂದ ಒಬ್ಬರು ಕೈ ಎತ್ತಿದರು. "ಸಾರ್, ಇಷ್ಟೆಲ್ಲ ಆಗುವಾಗ ಊರಿನವರು ಯಾವ ಕಡೆ ಇದ್ದರು?"

ಒಳ್ಳೆಯ ಪ್ರಶ್ನೆ. ಬಂದ ಸೈನ್ಯವನ್ನು ನೋಡಿ ಓಡಿದರು, ಇಲ್ಲವೇ ಸತ್ತರು, ಇಲ್ಲವೇ ಹಿಡಿಸಿಕೊಂಡು ಹೋದರು. ಗೊಜ್ಜಾಮಿನ ರಾಜ ಗೊಜ್ಜಾಮಿನವನು. ಅಬು ಅಂಜಾ ಸುಡಾನಿನ ಪಶ್ಚಿಮದ ಕಡೆಯಿಂದ ಬಂದವನು. ಯೊಹಾನ್ನಿಸ್ ಇಥಿಯೋಪಿಯಾದ ಉತ್ತರದ ತಿಗ್ರಾಯ್‌ನವನು. ಮೆಟೆಮ್ಮಾಗಾಗಿ ಕಾದಾಡಿದ ಯಾರಿಗೂ ಮೆಟೆಮ್ಮಾದಲ್ಲಿ ಮನೆಯಿರಲಿಲ್ಲ. ಅದಕ್ಕೇ ಆ ಶೇಖ್‌ನ ಎರಡು ಕಪ್ಪದ ಬುದ್ಧಿ ನನಗೆ ಅಷ್ಟು ದೊಡ್ಡದಾಗಿ ಕಾಣುವುದು. ಹೇಡಿತನ ಅಂತ ಕೆಲವರು ಅನ್ನಬಹುದು. ನನಗೆ ಹಾಗೆ ಅನಿಸುವುದಿಲ್ಲ. ಎರಡು ಆನೆಗಳ ನಡುವೆ ಅಂಗಡಿ ಇಟ್ಟವನು ಇಬ್ಬರಿಗೂ ಬೆಲ್ಲ ಕೊಡದೆ ಇನ್ನೇನು ಮಾಡಬೇಕು?

ಮುಂದೆ ಹೋಗೋಣ. ಮಹ್ದಿ ರಾಜ್ಯ 1898ರಲ್ಲಿ ಮುಗಿಯಿತು, ಸುಡಾನ್ ಬ್ರಿಟಿಷರ ಕೈಗೆ ಬಂತು. 1902ರ ಮೇ 15ರಂದು ಅಡಿಸ್ ಅಬಾಬಾದಲ್ಲಿ ಮೆನೆಲಿಕ್ ಜೊತೆ ಗಡಿ ಒಪ್ಪಂದ. ಮರುವರ್ಷ ಮೇಜರ್ ಗ್ವಿನ್ ಅನ್ನುವ ಬ್ರಿಟಿಷ್ ಅಧಿಕಾರಿ ಬಂದು ಗಡಿ ಗುರುತು ಹಾಕಿದ. ಇಥಿಯೋಪಿಯಾ ಕಡೆಯವರು ಆಗ ಜೊತೆಗಿರಲಿಲ್ಲ ಅನ್ನುವುದು ಅವರ ಹಳೇ ತಕರಾರು. ಗಡಿ ಆ ಹಳ್ಳದ ಮೇಲೇ ಬಂತು. ಒಂದು ದಂಡೆ ಒಂದು ದೇಶ, ಇನ್ನೊಂದು ದಂಡೆ ಇನ್ನೊಂದು. ಕಪ್ಪ ಹೋಯಿತು, ಸುಂಕದ ಕಟ್ಟೆ ಬಂತು.

ಈಗ ನಮ್ಮ ಭಗತ್ ಕಡೆ ಬರುತ್ತೇನೆ. 1936ರಿಂದ ಇಥಿಯೋಪಿಯಾ ಇಟಲಿಯ ಕೈಯಲ್ಲಿತ್ತು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು. ಜುಲೈ ಮೊದಲ ವಾರ ಹಳ್ಳ ದಾಟಿ ಗಲ್ಲಾಬಾತಿನ ಸಣ್ಣ ಕೋಟೆಯನ್ನು ಹಿಡಿದುಕೊಂಡರು. ಅದನ್ನು ವಾಪಸ್ ತೆಗೆದುಕೊಳ್ಳಲು ಕಳಿಸಿದ್ದು ಹತ್ತನೇ ಇಂಡಿಯನ್ ಬ್ರಿಗೇಡನ್ನು. ಅದರಲ್ಲಿ ಗಢವಾಲಿಗಳಿದ್ದರು, ಬಲೂಚ್ ರೆಜಿಮೆಂಟಿನವರಿದ್ದರು, ಒಂದು ಇಂಗ್ಲಿಷ್ ಪಡೆಯೂ ಇತ್ತು. ಬ್ರಿಗೇಡಿಯರ್ ವಿಲಿಯಂ ಸ್ಲಿಮ್. ಹೌದು, ಮುಂದೆ ಬರ್ಮಾದಲ್ಲಿ ಹೆಸರು ಮಾಡಿದ ಅದೇ ಸ್ಲಿಮ್.

ನವೆಂಬರ್ 6ರ ಬೆಳಗ್ಗೆ ದಾಳಿ. ಹನ್ನೆರಡು ಟ್ಯಾಂಕುಗಳು, ಹಿಂದೆ ಗಢವಾಲಿಗಳು. ಕೋಟೆ ಬೆಳಗ್ಗೆಯೇ ಕೈಗೆ ಬಂತು. ಆದರೆ ಟ್ಯಾಂಕುಗಳಲ್ಲಿ ಹೆಚ್ಚಿನವು ಬಂಡೆಗೆ, ನೆಲಬಾಂಬಿಗೆ ಸಿಕ್ಕಿ ಪಟ್ಟಿ ಕಿತ್ತುಕೊಂಡು ನಿಂತವು. ಹಳ್ಳದ ಆಚೆ ಮೆಟೆಮ್ಮಾದ ಸುತ್ತ ದಟ್ಟ ಮುಳ್ಳುತಂತಿ. ಟ್ಯಾಂಕಿಲ್ಲದೆ ಅದನ್ನು ದಾಟುವುದು ಆಗದ ಮಾತು. ಆಕಾಶ ಇಟಲಿಯ ವಿಮಾನಗಳದ್ದು. ಗಲ್ಲಾಬಾತಿನ ನೆಲವೋ ಕಲ್ಲು, ಅಡಗಿಕೊಳ್ಳಲು ಗುಂಡಿ ತೋಡಲೂ ಬರುವುದಿಲ್ಲ. ಬಾಂಬು ಬೀಳುತ್ತಲೇ ಇತ್ತು. ಇಂಗ್ಲಿಷ್ ಪಡೆಯ ಒಂದಷ್ಟು ಜನ ಗಾಬರಿಬಿದ್ದು ಹಿಂದಕ್ಕೆ ಓಡಿದರು. ಸ್ಲಿಮ್ ಸೈನ್ಯ ಹಿಂತೆಗೆದ. ಆಮೇಲೆ ತನ್ನ ನೆನಪುಗಳಲ್ಲಿ, ಎರಡು ದಾರಿ ಇದ್ದಾಗ ನಾನು ಧೈರ್ಯದ ದಾರಿ ಹಿಡಿಯಲಿಲ್ಲ ಎಂಬರ್ಥದ ಮಾತು ಬರೆದುಕೊಂಡಿದ್ದಾನೆ. ಸೇನಾಪತಿಗಳು ತಮ್ಮ ತಪ್ಪು ಒಪ್ಪಿಕೊಳ್ಳುವುದು ಅಪರೂಪ, ಅದಕ್ಕೇ ಹೇಳಿದೆ.

ಹಿಂದೆ ಸರಿಯುವಾಗ ಬೆನ್ನಟ್ಟಿ ಬರುವವರನ್ನು ತಡೆಯಲು ಒಂದು ಮೋರಿ ಒಡೆಯಬೇಕಿತ್ತು. ಕೆಟ್ಟು ನಿಂತ ಎರಡು ಟ್ಯಾಂಕುಗಳಿಗೆ ಸಿಡಿಮದ್ದು ತುಂಬಿ ಅದರ ಕೆಳಗೆ ನೂಕಿದರು. ಒಂದು ಸಿಡಿಯಿತು, ಇನ್ನೊಂದು ಸುಮ್ನೆ ಕೂತಿತು. ಗುಂಡು ಹಾರುತ್ತಿರುವಾಗಲೇ ಒಬ್ಬ ಹುಡುಗ ಓಡಿಹೋಗಿ ಅದನ್ನು ಸರಿಮಾಡಿ ಬಂದ. ಅವನೇ ಭಗತ್. ಬಾಂಬೆ ಸ್ಯಾಪರ್ಸ್ ಅನ್ನುವ ಸೇನಾ ಎಂಜಿನಿಯರ್ ಪಡೆಯ ಸೆಕೆಂಡ್ ಲೆಫ್ಟಿನೆಂಟ್, ವಯಸ್ಸು 22.

1941ರ ಜನವರಿ ಕೊನೆಯ ರಾತ್ರಿ ಇಟಲಿಯವರು ಮೆಟೆಮ್ಮಾ ಬಿಟ್ಟು ಗೊಂಡಾರ್ ಕಡೆ ಹೊರಟರು. ಹೋಗುತ್ತಾ ದಾರಿಯುದ್ದಕ್ಕೂ ನೆಲಬಾಂಬು ಹೂತರು. ಹಿಂದೆ ಹೋಗುವ ಸೈನ್ಯಕ್ಕೆ ದಾರಿ ಬಿಡಿಸುವ ಕೆಲಸ ಭಗತ್‌ಗೆ ಬಂತು. ಮುಂದಿನ ಗಾಡಿಯಲ್ಲಿ ಕೂತು ರಸ್ತೆಯನ್ನೇ ನೋಡುತ್ತಾ ಹೋಗುವುದು. ಮಣ್ಣು ಕೆದಕಿದ ಗುರುತು ಕಂಡರೆ ಇಳಿದು ತೆಗೆಯುವುದು. ಕಾಣದಿದ್ದರೆ? ಗಾಡಿಯೇ ಹೇಳುತ್ತದೆ. ಎರಡು ಸಲ ಹಾಗೆ ಗಾಡಿ ಸಿಡಿಯಿತು, ಜೊತೆಗಿದ್ದವರು ಹೋದರು. ಅವನು ಇನ್ನೊಂದು ಗಾಡಿ ಹತ್ತಿದ. ಮತ್ತೊಮ್ಮೆ ಹೊಂಚು ಹಾಕಿದವರ ಗುಂಡಿನ ನಡುವೆ ಸಿಕ್ಕಿಕೊಂಡ. ನಾಲ್ಕು ದಿನ ಬೆಳಗಿನಿಂದ ಸಂಜೆವರೆಗೆ ಇದೇ. 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್, 15 ಕಡೆ ಬಾಂಬು ಹೂತ ಜಾಗ. ಕೊನೆಗೆ ಕಿವಿಯ ತಮಟೆ ಒಡೆದಿತ್ತು. ಮುಂದೆ ಇವರು ಲೆಫ್ಟಿನೆಂಟ್ ಜನರಲ್ ಆದರು. 1962ರ ಚೀನಾ ಯುದ್ಧದ ಸೋಲಿನ ಬಗ್ಗೆ ವರದಿ ಬರೆದ ಇಬ್ಬರಲ್ಲಿ ಒಬ್ಬರು ಇವರೇ.

ಅಭಿಮಾನ ಪಡಿ, ಬೇಡ ಅನ್ನುವುದಿಲ್ಲ. ಆದರೆ ಗಢವಾಲದ ರೈತನ ಮಗ ಇಂಗ್ಲೆಂಡಿನ ಪರವಾಗಿ ಇಟಲಿಯ ವಿರುದ್ಧ ಇಥಿಯೋಪಿಯಾದ ಹಳ್ಳದಲ್ಲಿ ಸತ್ತ ಅನ್ನುವ ವಾಕ್ಯವನ್ನು ಒಮ್ಮೆ ನಿಧಾನವಾಗಿ ಹೇಳಿಕೊಂಡು ನೋಡಿ.

ಯುದ್ಧ ಮುಗಿದ ಮೇಲೆ ಇತಿಹಾಸದ ಪುಸ್ತಕಗಳು ಮೆಟೆಮ್ಮಾವನ್ನು ಮರೆತವು. ಅದು ಆ ಊರಿನ ಪುಣ್ಯ. ಆ ಕಾಲದಲ್ಲೇ ಊರು ಮತ್ತೆ ತನ್ನ ಕೆಲಸಕ್ಕೆ ಇಳಿದದ್ದು. ಈಗ ಎಳ್ಳು ಅಲ್ಲಿನ ದೊಡ್ಡ ಬೆಳೆ, ಜೊತೆಗೆ ಹತ್ತಿ, ಜೋಳ. ಮಣ್ಣು ಕಪ್ಪು. ನಮ್ಮ ಬಿಜಾಪುರ, ಗದಗ ಕಡೆಯ ಎರೆಮಣ್ಣು ಇದೆಯಲ್ಲ, ಆ ಜಾತಿಯದೇ. ಒಣಗಿದರೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಕಳೆ ಕೀಳಲು, ಕೊಯ್ಲಿಗೆ ಬೆಟ್ಟದಿಂದ ಸಾವಿರಾರು ಕೂಲಿಗಳು ಇಳಿದು ಬರುತ್ತಾರೆ. ಹೊಲದಲ್ಲೇ ಮಲಗುತ್ತಾರೆ. ಆ ಬಿರುಕುಗಳಲ್ಲಿ ಇರುವ ಒಂದು ಸಣ್ಣ ಮರಳು ನೊಣ ಕಚ್ಚಿದರೆ ಬರುವ ಕಾಯಿಲೆಗೆ ಹೆಸರೇನು ಗೊತ್ತೇ? ಕಾಲಾ ಅಜಾರ್. ನಮ್ಮ ದೇಶದ ಹೆಸರೇ! ಆ ರೋಗಾಣುವಿನ ಹೆಸರಿನಲ್ಲಿರುವ ಡೊನೊವನ್ ಅದನ್ನು 1903ರಲ್ಲಿ ಮದ್ರಾಸಿನಲ್ಲಿ ಗುರುತಿಸಿದ. ಬೆಟ್ಟದವರ ಹಳೆಯ ಬಯಲು ಜ್ವರದ ಭಯ ಸುಮ್ನೆ ಬಂದದ್ದಲ್ಲ.

ಸೇತುವೆಯ ಮೇಲೆ ಆಚೀಚೆ ಎಲ್ಲವೂ ಹೋಗುತ್ತದೆ. ಇಥಿಯೋಪಿಯಾದ ದನ ಸುಡಾನಿಗೆ, ಸುಡಾನಿನ ಅಂಗಡಿ ಸಾಮಾನು ಇಥಿಯೋಪಿಯಾಕ್ಕೆ. ಚೀಟಿ ಇದ್ದದ್ದು ಸೇತುವೆ ಮೇಲೆ, ಇಲ್ಲದ್ದು ಹಳ್ಳದಲ್ಲಿ. 1983ರಲ್ಲಿ ಸುಡಾನಿನಲ್ಲಿ ಷರಿಯಾ ಕಾನೂನು ಬಂದು ಮದ್ಯ ನಿಂತ ಮೇಲೆ ಇನ್ನೊಂದು ಬಗೆಯ ಸಂಚಾರ ಶುರುವಾಯಿತು: ಆ ದಂಡೆಯ ಗಂಡಸರು ಬಿಯರ್ ಕುಡಿಯಲು ಈ ದಂಡೆಗೆ. ನಗಬೇಡಿ, ಚುನಾವಣೆ ಹೊತ್ತಿಗೆ ನಮ್ಮ ಗಡಿ ಊರುಗಳಲ್ಲೂ ಇದನ್ನು ನೋಡಿದ್ದೇವೆ. ಇದರ ಜೊತೆ ಇನ್ನೊಂದು ಸಾಲೂ ಇದೆ. ಖಾರ್ಟೂಮ್, ಲಿಬಿಯಾ, ಆಮೇಲೆ ಸಮುದ್ರ ಅಂತ ಕನಸು ಕಟ್ಟಿಕೊಂಡ ಇಥಿಯೋಪಿಯಾದ ಹುಡುಗರು ದಲ್ಲಾಳಿಗಳ ಹಿಂದೆ ಇಲ್ಲಿಂದಲೇ ದಾಟುವುದು. ಬೇಕರ್ ಕಂಡ ಡೇರೆಗಳು ನೆನಪಾಗುತ್ತವೆ. ಈಗಿನವರು ತಾವೇ ದುಡ್ಡು ಕೊಟ್ಟು ಹೋಗುತ್ತಾರೆ, ಅಷ್ಟೇ ವ್ಯತ್ಯಾಸ ಅಂತ ಹೇಳಲು ಮನಸ್ಸು ಬರುವುದಿಲ್ಲ, ಆದರೂ ನೆನಪಾಗುತ್ತದೆ.

ಇನ್ನು ಹತ್ತಿರದ ಕಾಲ. 2020ರ ನವೆಂಬರಿನಲ್ಲಿ ತಿಗ್ರಾಯ್ ಯುದ್ಧ ಶುರುವಾಯಿತು, ಜನ ಮೆಟೆಮ್ಮಾಕ್ಕೂ ಉತ್ತರದ ಗಡಿಯಲ್ಲಿ ಸುಡಾನಿಗೆ ಓಡಿದರು. ಇಥಿಯೋಪಿಯಾದ ಗಮನ ಆ ಕಡೆ ಇದ್ದಾಗ ಸುಡಾನ್ ಸೈನ್ಯ ಅಲ್ ಫಶಾಗಾ ಅನ್ನುವ ಎಳ್ಳು ಬೆಳೆಯುವ ನೆಲಕ್ಕೆ ನುಗ್ಗಿತು. ತಕರಾರು ಅದೇ, ಗ್ವಿನ್ ಹಾಕಿದ ಗಡಿ ಒಪ್ಪುತ್ತೀರೋ ಇಲ್ಲವೋ. ಮೆಟೆಮ್ಮಾದ ಸೇತುವೆ ಅಷ್ಟು ಕಾಲ ಮುಚ್ಚುವುದು, ತೆರೆಯುವುದು ನಡೆಯಿತು.

2023ರ ಏಪ್ರಿಲ್ 15ರಂದು ಸುಡಾನಿನ ರಾಜಧಾನಿ ಖಾರ್ಟೂಮ್‌ನಲ್ಲೇ ಯುದ್ಧ. ಆ ದಿನಗಳು ನಮಗೂ ನೆನಪಿರಬೇಕು. ನಮ್ಮ ಹಕ್ಕಿಪಿಕ್ಕಿ ಜನ, ಗಿಡಮೂಲಿಕೆ ಎಣ್ಣೆ ಮಾರಲು ಹೋದವರು, ಎಲ್ ಫಾಶರ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಕೇಂದ್ರ ಸರ್ಕಾರದ ಆ ಕಾರ್ಯಾಚರಣೆಗೆ ಕಾವೇರಿ ಅಂತಲೇ ಹೆಸರು. ಅವರು ವಾಪಸ್ ಬಂದದ್ದು ಪೋರ್ಟ್ ಸುಡಾನ್ ಕಡೆಯಿಂದ. ಇನ್ನೂ ಸಾವಿರಾರು ಜನಕ್ಕೆ ಬಾಗಿಲಾದದ್ದು ಮೆಟೆಮ್ಮಾ. ಸುಡಾನಿನವರು, ಸುಡಾನಿನಲ್ಲಿ ಕೆಲಸಕ್ಕಿದ್ದ ಎಷ್ಟೋ ದೇಶದವರು, ಮೊದಲೊಮ್ಮೆ ಇಥಿಯೋಪಿಯಾದಿಂದಲೇ ಓಡಿಹೋಗಿದ್ದವರು ಕೂಡ ಅದೇ ಸೇತುವೆ ಮೇಲೆ ಗಂಟು ಹೊತ್ತು ಬಂದರು. ಅವರಿಗೆ ಗೊಂಡಾರ್ ದಾರಿಯಲ್ಲಿ ಕುಮೆರ್, ಅವ್ಲಾಲಾ ಅಂತ ಎರಡು ಶಿಬಿರ ಮಾಡಿದರು.

ಆದರೆ ಅವರು ಬಂದು ಸೇರಿದ ಅಮ್ಹಾರಾ ಸೀಮೆಯಲ್ಲೂ ಅದೇ ವರ್ಷ ಆಗಸ್ಟ್‌ನಲ್ಲಿ ಫಾನೊ ಅನ್ನುವ ಸ್ಥಳೀಯ ಅಮ್ಹಾರಾ ಸಶಸ್ತ್ರ ಪಡೆಗಳಿಗೂ ಸರ್ಕಾರದ ಸೈನ್ಯಕ್ಕೂ ಕಾಳಗ ಹತ್ತಿಕೊಂಡಿತು. ಒಂದು ಯುದ್ಧ ದಾಟಿ ಬಂದವರು ಇನ್ನೊಂದರಲ್ಲಿ ಬಂದು ಕೂತಿದ್ದರು. ಶಿಬಿರಗಳ ಮೇಲೆ ರಾತ್ರಿ ಬಂದೂಕಿನವರು ಬಿದ್ದು ದೋಚಿದರು. 2024ರ ಸೆಪ್ಟೆಂಬರ್ ಆರಂಭದಲ್ಲಿ ಮೆಟೆಮ್ಮಾ ಊರಿನಲ್ಲೇ ಕಾಳಗವಾಗಿ, ಸುಡಾನ್ ತನ್ನ ಕಡೆಯ ಗಡಿ ಮುಚ್ಚಿತು. ಶಿಬಿರದವರನ್ನು ಅಷ್ಟರಲ್ಲಿ ಅಫ್ತಿತ್ ಅನ್ನುವ ಹೊಸ ಜಾಗಕ್ಕೆ ಸಾಗಿಸಿದ್ದರು.

ಅದಕ್ಕೂ ಮೊದಲು, ಮೇ ತಿಂಗಳಲ್ಲಿ ಒಂದು ಘಟನೆ ನಡೆದಿತ್ತು. ಅವ್ಲಾಲಾ ಶಿಬಿರದ ಸಾವಿರಕ್ಕೂ ಹೆಚ್ಚು ಜನ ಇನ್ನು ಇಲ್ಲಿ ಇರಲಾರೆವು ಅಂತ ಗಂಟುಮೂಟೆ ಕಟ್ಟಿ, ಮಕ್ಕಳನ್ನು ಎತ್ತಿಕೊಂಡು, ಗೊಂಡಾರ್ ಕಡೆ ನಡೆದೇ ಹೊರಟರು. ಪೊಲೀಸರು ತಡೆದರು. ವಾಪಸ್ ಹೋಗಲು ಇವರು ಒಪ್ಪಲಿಲ್ಲ. ರಸ್ತೆ ಬದಿಯ ಕುರುಚಲು ಕಾಡಿನಲ್ಲಿ, ಮರಗಳಿಗೆ ಬಟ್ಟೆ ಕಟ್ಟಿ ನೆರಳು ಮಾಡಿಕೊಂಡು ವಾರಗಟ್ಟಲೆ ಕೂತರು. ಮಳೆ ಬಂತು, ಅಲ್ಲೇ ಇದ್ದರು. ನಾನು ನಕ್ಷೆ ತೆಗೆದು ನೋಡಿದೆ. ಮೆಟೆಮ್ಮಾದಿಂದ ಗೊಂಡಾರ್‌ಗೆ ಹೋಗುವ ದಾರಿ, ಗಡಿಯಿಂದ ಸುಮಾರು ಎಪ್ಪತ್ತು ಕಿಲೋಮೀಟರ್ ಆಸುಪಾಸು. ಭಗತ್ ಬಾಂಬು ತೆಗೆದು ಬಿಡಿಸಿಕೊಟ್ಟ ದಾರಿಯ ಅಳತೆಯ ಒಳಗೇ ಬರುತ್ತದೆ.